ಕೂಸಿನ ಊಟದ ಸಾಮಾನು: ಯಾವುದು ಮನೆಗೆ ಬರಲಿ, ಯಾವುದು ಅಂಗಡಿಯಲ್ಲೇ ಇರಲಿ

ಕಾರವಾರದ ಗ್ರೀನ್ ಸ್ಟ್ರೀಟ್ ಇರಲಿ, ಶಿರಸಿಯ ಸಿ.ಪಿ. ಬಜಾರ ಇರಲಿ, ಮಕ್ಕಳ ಸಾಮಾನು ಮಾರುವಲ್ಲಿ ಹತ್ತು ನಿಮಿಷ ನಿಂತರೆ ಎರಡು ಮಾತು ಕಿವಿಗೆ ಬೀಳುತ್ತವೆ. "ನಮ್ಮನೆ ಮಾಣಿ ಎಂತದೂ ತಿನ್ನುದಿಲ್ಲ, ಮೈ ಹತ್ತುವಂಥದ್ದು ಎಂತಾದ್ರೂ ಕೊಡಿ" ಎನ್ನುವುದು ಒಂದು. "ಕೂಸು ಒಂದೇ ಸಮ ಕೂಗ್ತದೆ, ಬಾಯಿಗೆ ಕೊಡುಕೆ ಎಂತಾದ್ರೂ ಬೇಕಿತ್ತು" ಎನ್ನುವುದು ಇನ್ನೊಂದು. ಎರಡು ಮನೆಗೂ ಒಂದೇ ಕಪಾಟಿನಿಂದ ಸಾಮಾನು ಇಳಿಯುತ್ತದೆ: ಬಾಟಲಿ, ಮಾಲ್ಟ್ ಡಬ್ಬ, ಹಣ್ಣಿನ ಪೌಚು, ಕೆಲವೊಮ್ಮೆ ಪಕ್ಕದ ಔಷಧಿ ಅಂಗಡಿಯಿಂದ ಹಸಿವಿನ ಟಾನಿಕ್ಕು. ಮಾಣಿ ನಿಜಕ್ಕೂ ಸೊರಗಿದ್ದಾನೆಯೇ, ಕೂಸು ಕೂಗುತ್ತಿರುವುದು ಹಸಿವಿಗೇ ಹೌದೇ ಎಂದು ಯಾರೂ ಕೇಳುವುದಿಲ್ಲ.

ಈ ವಿಮರ್ಶೆ ಆ ಕಪಾಟಿನದು. ಕಂಪನಿಗಳನ್ನು ಒಂದಕ್ಕೊಂದು ಹೋಲಿಸುವ ಗೋಜಿಗೆ ಹೋಗಿಲ್ಲ. ಎಲ್ಲ ಬಗೆಯ ಸಾಮಾನನ್ನೂ ಒಂದೇ ಒರೆಗಲ್ಲಿಗೆ ಹಚ್ಚಿದ್ದೇವೆ: ಇದನ್ನು ಬಳಸುವಾಗ ಮಗು "ಸಾಕು" ಅಂದರೆ ಉಣಿಸುವವರಿಗೆ ಅದು ಕಾಣುತ್ತದೆಯೇ?

ಒರೆಗಲ್ಲು ಇದೇ ಯಾಕೆ ಎಂದರೆ, ಸಣ್ಣ ಮಕ್ಕಳ ತೂಕದ ಹಿಂದೆ ಅವರ ಸ್ವಭಾವವೂ ಉಣಿಸುವವರ ರೂಢಿಯೂ ಹೆಣೆದುಕೊಂಡಿರುತ್ತವೆ. ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ಶುರುಮಾಡಿದ ಅಧ್ಯಯನ ಮಕ್ಕಳಲ್ಲಿ ಮೂರು ಸ್ವಭಾವ ಗುರುತಿಸಿತು: ಸಲೀಸಾದವರು, ಕಷ್ಟದವರು, ಒಗ್ಗಲು ಹೊತ್ತು ಹಿಡಿಯುವವರು. ಮೂರರಲ್ಲೊಂದು ಪಾಲು ಮಕ್ಕಳು ಯಾವ ಗುಂಪಿಗೂ ಸರಿಯಾಗಿ ಕೂರಲಿಲ್ಲ ಎನ್ನುವುದನ್ನೂ ಅವರೇ ಹೇಳಿದ್ದಾರೆ. ರಚ್ಚೆ ಹಿಡಿಯುವ ಕೂಸನ್ನು ಸುಮ್ಮನಾಗಿಸಲು ಬಾಯಿಗೆ ತಿಂಡಿ ಕೊಡುವುದಕ್ಕಿಂತ ವೇಗದ ಉಪಾಯ ಇನ್ನೊಂದಿಲ್ಲ. ಹಾಗಾಗಿ ಅಂಥ ಕೂಸಿಗೆ ಹೆಚ್ಚು ಸಲ ತಿಂಡಿ ಸಿಗುತ್ತದೆ. ಸಂಶೋಧಕಿ ಸಿಂಥಿಯಾ ಸ್ಟಿಫ್ಟರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಮಾಧಾನಕ್ಕೆಂದು ತಿನ್ನಿಸುವ ರೂಢಿ ಮತ್ತು ಹೆಚ್ಚು ತೂಕ ಜೊತೆಯಾಗಿ ಕಂಡಿವೆ, ಅದೂ ಸಿಡುಕು ಸ್ವಭಾವದ ಮಕ್ಕಳಲ್ಲಿ. ಏಪ್ರಿಲ್-ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಬೆವರುಸಾಲೆ ಎದ್ದು ಕೂಗುವ ಕೂಸಿಗೂ ಬಿಸ್ಕತ್ತು, ನಿದ್ದೆಗೆಟ್ಟು ಕೂಗುವ ಕೂಸಿಗೂ ಬಿಸ್ಕತ್ತು ಎಂದಾದರೆ, ಮೈಯ ಯಾವ ಕಿರಿಕಿರಿ ಹಸಿವು, ಯಾವುದು ಅಲ್ಲ ಎಂದು ಅದು ಕಲಿಯುವುದಾದರೂ ಹೇಗೆ?

ಒಗ್ಗಲು ಹೊತ್ತು ಬೇಕಾದ ಮಗುವಿನ ಕಥೆ ಇದಕ್ಕೆ ತಿರುಗುಮುರುಗು. ಹೊಸ ರುಚಿ ಕಂಡರೆ ಮುಖ ತಿರುಗಿಸುತ್ತದೆ; ಮನೆಯವರು ಒತ್ತಾಯಿಸುತ್ತಾರೆ; ಒತ್ತಾಯಿಸಿದ್ದೇ ಅದಕ್ಕೆ ಇನ್ನಷ್ಟು ಬೇಡವಾಗುತ್ತದೆ. ಇನ್ನೊಂದು ಬಗೆಯಿದೆ, ನಮ್ಮ ಕಡೆ ಯಾರೂ ಅದನ್ನು ತೊಂದರೆ ಎನ್ನುವುದೇ ಇಲ್ಲ: ನಗುನಗುತ್ತ, ಯಾರು ಕೊಟ್ಟರೂ ತಿನ್ನುವ, ಊಟ ಕಂಡರೆ ಕೈಕಾಲು ಬಡಿಯುವ ಕೂಸು. "ಎಂಥ ಚಂದ ಉಣ್ತದೆ" ಎಂದು ಮನೆಗೆ ಬಂದವರೆಲ್ಲ ಒಂದೊಂದು ತುತ್ತು ಹಾಕುತ್ತಾರೆ. ಬೊಜ್ಜಿನ ಕಡೆ ಜಾರುವ ಸಂಭವ ಇಂಥ ಮಗುವಿಗೂ ಹೆಚ್ಚು.

ಹಾಗೆಂದು ಎಲ್ಲ ತಪ್ಪೂ ಆಯಿಯದೇ ಎಂದರೆ ಅದೂ ಸುಳ್ಳು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2007ರಲ್ಲಿ ಹುಟ್ಟಿದ ಅವಳಿಗಳ ಮೇಲಿನ ಜೆಮಿನಿ ಅಧ್ಯಯನದಲ್ಲಿ, ಒಂದೇ ತಾಯಿ ಕಡಿಮೆ ತಿನ್ನುವ ಅವಳಿಗೆ ಒತ್ತಾಯ ಮಾಡುವುದೂ ಹೆಚ್ಚು ತಿನ್ನುವ ಅವಳಿಗೆ ತಡೆ ಹಾಕುವುದೂ ಕಂಡಿದೆ. ಮಗುವಿನ ಹಸಿವು ತಾಯಿಯ ಕೈಯನ್ನು ನಡೆಸುತ್ತದೆ, ತಾಯಿಯ ಕೈ ಆ ಹಸಿವನ್ನು ತಿದ್ದುತ್ತದೆ. ಅಂಗಡಿಯ ಸಾಮಾನು ಇವೆರಡರ ನಡುವೆ ಬಂದು ಕೂರುತ್ತದೆ.

ಮೊದಲಿಗೆ ತೂಕದ ಯಂತ್ರ, ಯಾಕೆಂದರೆ ಉಳಿದ ಖರೀದಿಗೆಲ್ಲ ದಾರಿ ತೆಗೆಯುವುದು ಅದೇ. ಮನೆಗೆಂದು ಮಾರುವ ಡಿಜಿಟಲ್ ಯಂತ್ರ ಬೇಡ. ಗಂಡು ಮಗುವಿನ ಮಧ್ಯಮ ತೂಕ ಹುಟ್ಟುವಾಗ 3.3 ಕಿಲೋ, ವರ್ಷಕ್ಕೆ 9.6, ಎರಡು ವರ್ಷಕ್ಕೆ 12.2, ಇದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡ. ಮೊದಲ ವರ್ಷ ಆರು ಕಿಲೋ ಮೀರಿ ಏರಿದ ಮಗು ಎರಡನೆಯ ವರ್ಷ ಏರುವುದು 2.6 ಕಿಲೋ ಮಾತ್ರ, ಅಂದರೆ ತಿಂಗಳಿಗೆ ಸುಮಾರು 200 ಗ್ರಾಂ. ಒಂದು ಲೋಟ ನೀರು ಕುಡಿದರೇ ಅಷ್ಟು ವ್ಯತ್ಯಾಸ ಯಂತ್ರದಲ್ಲಿ ಬರುತ್ತದೆ. ಸಗಣಿ ಸಾರಿಸಿದ ನೆಲವೋ ಏರುತಗ್ಗಿನ ಕೆಂಪು ಗಾರೆಯೋ ಆದರೆ ಲೆಕ್ಕ ಇನ್ನೂ ತಪ್ಪು. ವಾರಕ್ಕೊಮ್ಮೆ ತೂಗಿ, 100 ಗ್ರಾಂ ಇಳಿಯಿತೆಂದು ಗಾಬರಿ ಬಿದ್ದು, ಮರುದಿನದಿಂದ ಒತ್ತಾಯ ಶುರುಮಾಡುವುದಕ್ಕಷ್ಟೇ ಈ ಯಂತ್ರ ಉಪಯೋಗ. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಹಸಿವು ಕಡಿಮೆಯಾಗುವುದೂ ಇದೇ ಕಾರಣಕ್ಕೆ: ಬೆಳವಣಿಗೆಯ ವೇಗ ಅರ್ಧಕ್ಕಿಂತ ಕೆಳಗೆ ಬಿದ್ದಿರುತ್ತದೆ. "ಮೊದ್ಲು ಚಂದ ಉಣ್ತಿತ್ತು, ಈಗ ಬಿಟ್ಟೇ ಬಿಟ್ಟಿದೆ" ಎಂಬ ದೂರು ಸರಿಯಾಗಿ ಈ ತಿರುವಿನಲ್ಲಿ ಬರುತ್ತದೆ.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿಸಿದರೆ ಸಾಕು, ಕಾಸೂ ಇಲ್ಲ. ತೂಕದ ಜೊತೆ ಉದ್ದವನ್ನೂ ಅಳೆಯಲು ಹೇಳಿ: ಎರಡು ವರ್ಷದ ತನಕ ಮಲಗಿಸಿ, ಆಮೇಲೆ ನಿಲ್ಲಿಸಿ. ಮಲಗಿಸಿದಾಗಿನ ಅಳತೆ ಸುಮಾರು 0.7 ಸೆಂಟಿಮೀಟರ್ ಹೆಚ್ಚು ಬರುತ್ತದೆ, ಹಾಗಾಗಿ ಎರಡನ್ನೂ ಕಲಸಬಾರದು. ತೆಳ್ಳಗಿದೆಯೇ ದಪ್ಪವಿದೆಯೇ ಎಂದು ಹೇಳುವುದು ಉದ್ದಕ್ಕೆ ತಕ್ಕ ತೂಕ. ವರ್ಷದ ಹೆಣ್ಣು ಕೂಸಿನ ಮಧ್ಯಮ ತೂಕ 8.9 ಕಿಲೋ, ಆದರೆ "ಕಡಿಮೆ ತೂಕ" ಎಂಬ ಗೆರೆ ಇರುವುದು 7 ಕಿಲೋಗೆ. ಎಂಟು ಕಿಲೋ ಇದ್ದು ಓಡಾಡಿಕೊಂಡಿರುವ ಕೂಸನ್ನು ನೆರೆಮನೆಯ ಗುಂಡು ಮಾಣಿಯ ಜೊತೆ ಹೋಲಿಸಿ ಸೊರಗಿದೆ ಎನ್ನುವುದು ಅನ್ಯಾಯ. ಐದಾರು ವರ್ಷದಲ್ಲಿ ಪಕ್ಕೆಲುಬು ಕಾಣುವಷ್ಟು ತೆಳ್ಳಗಾಗುವುದೂ ಸಹಜ; ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಅತಿ ಕೆಳಗಿರುವುದು ಆ ವಯಸ್ಸಿನಲ್ಲೇ. ಆದರೆ ತೂಕದ ಪಟದಲ್ಲಿ ಮಗುವಿನ ಗೆರೆ ಸತತವಾಗಿ ಕೆಳಗಿಳಿಯುತ್ತಿದ್ದರೆ, ಅಥವಾ ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಈ ಲೇಖನ ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ, 11.5ಕ್ಕಿಂತ ಕಡಿಮೆ ಎಂದರೆ ಅದು ತೀವ್ರ ಅಪೌಷ್ಟಿಕತೆ.

ಇನ್ನು ಬಾಟಲಿ. ಮೊದಲ ಆರು ತಿಂಗಳು ಎದೆಹಾಲಿಗಿಂತ ಮೇಲಾದದ್ದು ಯಾವ ಅಂಗಡಿಯಲ್ಲೂ ಇಲ್ಲ. ನಮ್ಮ ಒರೆಗಲ್ಲಿಗೂ ಅದೇ ಮೊದಲು, ಯಾಕೆಂದರೆ ಎದೆಯಲ್ಲಿ ಎಷ್ಟು ಉಳಿದಿದೆ ಎಂದು ಯಾರಿಗೂ ಕಾಣುವುದಿಲ್ಲ. ಮಗು ಬಿಟ್ಟಿತು ಎಂದರೆ ಮುಗಿಯಿತು. ಬಾಟಲಿಯಲ್ಲಿ ತಳದ 20 ಮಿಲಿ ಕಣ್ಣಿಗೆ ಕುಕ್ಕುತ್ತದೆ, ಚೆಲ್ಲಲು ಮನಸ್ಸು ಬಾರದು. ಬಾಟಲಿ ಬೇಕೇ ಬೇಕಾದವರಿಗೆ ನಮ್ಮ ಶಿಫಾರಸು ಸ್ಟೀಲಿನ, 125 ಮಿಲಿ ಆಸುಪಾಸಿನದು. ಒಳಗೆ ಕಾಣುವುದಿಲ್ಲ ಎನ್ನುವುದನ್ನು ಅಂಗಡಿಯವರು ದೋಷವೆಂಬಂತೆ ಹೇಳುತ್ತಾರೆ. ಇಲ್ಲಿ ಅದೇ ಗುಣ. ಒಳಗಿನ ಮಟ್ಟ ಕಾಣದ ಬಾಟಲಿಯಲ್ಲಿ ಕುಡಿಸಿದಾಗ ತಾಯಂದಿರು ಮಗುವಿನ ಸನ್ನೆಗೆ ಹೆಚ್ಚು ಗಮನ ಕೊಟ್ಟಿದ್ದೂ ಮಕ್ಕಳು ಕಡಿಮೆ ಕುಡಿದದ್ದೂ ಪ್ರಯೋಗದಲ್ಲಿ ಕಂಡಿದೆ. 250 ಮಿಲಿಯ ಬಾಟಲಿ ಉಳಿತಾಯದಂತೆ ಕಂಡರೂ ಬೇಡ. ಎಷ್ಟು ದೊಡ್ಡದೋ ಅಷ್ಟು ತುಂಬಿಸುವುದು ಮನುಷ್ಯರ ಚಾಳಿ.

ನಿಪ್ಪಲ್ಲಿನ ತೂತು ಮುಖ್ಯ. ಬಾಟಲಿ ಮಗುಚಿದರೆ ಸೆಕೆಂಡಿಗೆ ಹೆಚ್ಚೂಕಡಿಮೆ ಒಂದು ಹನಿ ಬೀಳಬೇಕು, ಧಾರೆಯಾಗಬಾರದು. "ಕುಡೀಲಿಕ್ಕೆ ತಾಸು ಹಿಡೀತದೆ" ಎಂದು ಸೂಜಿ ಕಾಸಿ ತೂತು ದೊಡ್ಡ ಮಾಡುವ ರೂಢಿ ಇದೆ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಹೊತ್ತು ಬೇಕು. ಐದು ನಿಮಿಷದಲ್ಲಿ ಬಾಟಲಿ ಬರಿದಾದರೆ ಆ ಸುದ್ದಿ ಬರುವ ಮೊದಲೇ ಹಾಲು ಮುಗಿದಿರುತ್ತದೆ, ಕೂಸು ಮತ್ತೆ ಕೂಗುತ್ತದೆ, ಇನ್ನೊಂದು ಬಾಟಲಿ ತಯಾರಾಗುತ್ತದೆ. ಕೂಸನ್ನು ಒರಗಿಸಿ ಕೂರಿಸಿಕೊಂಡು, ಬಾಟಲಿಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಆಗಾಗ ಬಾಯಿಂದ ತೆಗೆದು ನೋಡಿ. ಮತ್ತೆ ಬಾಯಿ ಚಾಚಿದರೆ ಕೊಡಿ. ತುಟಿ ಬಿಗಿದರೆ, ಮುಖ ಆ ಕಡೆ ಮಾಡಿದರೆ, ಮುಷ್ಟಿ ಸಡಿಲಾದರೆ ಸಾಕು. ದಿಂಬಿಗೆ ಒರಗಿಸಿಟ್ಟ ಬಾಟಲಿಯನ್ನಂತೂ ಯಾವ ಕಾರಣಕ್ಕೂ ಬಾಯಿಗೆ ಕೊಡಬೇಡಿ. ಉಸಿರುಗಟ್ಟುವ ಅಪಾಯ, ಕಿವಿಸೋಂಕು ಎರಡೂ ಉಂಟು.

ಹಳೇ ಒಳಲೆಯನ್ನು (ಕೂಸಿಗೆ ಹಾಲು ಹುಯ್ಯುವ ಕೊಕ್ಕಿನ ಪುಟ್ಟ ಪಾತ್ರೆ) ಹೊಗಳುವವರಿಗೆ ಒಂದು ಮಾತು. ತೊಳೆಯಲು ಸುಲಭ, ಸಂದುಗೊಂದಿಲ್ಲ, ಹೌದು. ಆದರೆ ಕಾಲ ಮೇಲೆ ಮಲಗಿಸಿ, ಬಾಯಿ ತೆರೆಸಿ ಹುಯ್ಯುವ ಪದ್ಧತಿಯಲ್ಲಿ "ಸಾಕು" ಎಂಬುದಕ್ಕೆ ಜಾಗವೇ ಇಲ್ಲ, ಹಾಲು ಶ್ವಾಸನಾಳಕ್ಕೆ ಇಳಿಯುವ ಭಯ ಬೇರೆ. ಕೂಸನ್ನು ಎತ್ತರಿಸಿ ಹಿಡಿದು, ಒಳಲೆಯ ತುದಿ ತುಟಿಗೆ ತಾಗಿಸಿ, ಅದೇ ಹೀರುವಂತೆ ಮಾಡಿದರೆ ಬಾಟಲಿಗಿಂತ ಒಳ್ಳೆಯದು.

ಪುಡಿಹಾಲಿನ ಡಬ್ಬದ ಬಗ್ಗೆ ಚುಟುಕಾಗಿ: ಮೊದಲು ಕಾಯಿಸಿ ಆರಿಸಿದ ನೀರು, ಆಮೇಲೆ ಪುಡಿ; ಡಬ್ಬದ್ದೇ ಚಮಚ, ಸಮತಟ್ಟು ಮಾಡಿ, ಸಾಮಾನ್ಯವಾಗಿ 30 ಮಿಲಿ ನೀರಿಗೆ ಒಂದು. ಒತ್ತಿ ತುಂಬಿದರೆ ಹಾಲು ಗಾಢವಾಗಿ ಕೂಸಿಗೆ ಬಾಯಾರಿಕೆ, ಮಲಬದ್ಧತೆ. ಬಾಯಾರಿಕೆಯ ಅಳುವಿಗೆ ಮತ್ತೆ ಅದೇ ಗಾಢ ಹಾಲು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು, ರಿಯಾಯಿತಿ, ಉಚಿತ ಕೊಡುಗೆ ಎಲ್ಲವನ್ನೂ 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ. ಡಬ್ಬದ ಜೊತೆ ಆಟಿಕೆ ಪುಕ್ಕಟೆ ಎಂದರೆ ಆ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ.

ಈ ಕಪಾಟಿನಲ್ಲಿ ನಮಗೆ ಅತಿ ಹೆಚ್ಚು ತಕರಾರಿರುವುದು ಮಾಲ್ಟ್ ಡಬ್ಬದ ಮೇಲೆ. ಊಟ ಮಾಡದ ಮಗುವಿಗೆಂದೇ ಅದನ್ನು ಮಾರುತ್ತಾರೆ, ಮಗು ಊಟ ಬಿಡುವುದಕ್ಕೂ ಬಹಳ ಮನೆಗಳಲ್ಲಿ ಅದೇ ಕಾರಣ. ಲೆಕ್ಕ ಹೀಗೆ. ಚೀಟಿಯ ಮೇಲೆ "ಸೇರಿಸಿದ ಸಕ್ಕರೆ" ಎಂಬ ಸಾಲು ಹುಡುಕಿ. ನೂರು ಗ್ರಾಂಗೆ 30 ಗ್ರಾಂ ಎಂದಿದ್ದರೆ, 20 ಗ್ರಾಂ ಪುಡಿ ಹಾಕಿದ ಲೋಟಕ್ಕೆ 6 ಗ್ರಾಂ. ಮೇಲೆ ಮನೆಯವರು ಒಂದು ಚಮಚ ಸಕ್ಕರೆ ಹಾಕಿದರೆ 11. ದಿನಕ್ಕೆ ಎರಡು ಲೋಟ ಎಂದರೆ 22. ದಿನಕ್ಕೆ 1,200 ಕಿಲೋಕ್ಯಾಲರಿ ಬೇಕಾದ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 5 ಪ್ರತಿಶತದ ಮಿತಿ 15 ಗ್ರಾಂ. ಬಿಸ್ಕತ್ತು, ಚಾಕಲೇಟು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಇದ್ದರೆ ಅದೂ ಬೇಗ ಸಕ್ಕರೆಯಾಗುವ ಪಿಷ್ಟವೇ. ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೆಯಿರಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ತಾಣಗಳಿಗೆ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ಅಂಗಡಿಯ ಕಪಾಟಿಗೆ ಆ ಮಾತು ಇನ್ನೂ ಮುಟ್ಟಿದಂತೆ ಕಾಣುವುದಿಲ್ಲ.

ಹೊತ್ತಿನ ಲೆಕ್ಕವನ್ನೂ ನೋಡಿ. ಬೆಳಿಗ್ಗೆ ಏಳಕ್ಕೆ ದೊಡ್ಡ ಲೋಟ ಮಾಲ್ಟ್. ಎಂಟೂವರೆಗೆ ದೋಸೆ ಬೇಡ. ಸಂಜೆ ಐದಕ್ಕೆ ಇನ್ನೊಂದು ಲೋಟ. ಏಳೂವರೆಗೆ ಗಂಜಿ ಬೇಡ. ಬರೀ ಹಾಲಿಗೂ ಇದೇ ಮಾತು. ಲೀಟರ್ ಹಾಲಿನಲ್ಲಿ 600 ಕಿಲೋಕ್ಯಾಲರಿಗಿಂತ ಹೆಚ್ಚಿದೆ. ಎರಡು ವರ್ಷದ ಮಗುವಿಗೆ ದಿನವಿಡೀ ಬೇಕಾದದ್ದೇ ಸಾವಿರದ ಆಸುಪಾಸು. ಹಟ್ಟಿಯಲ್ಲಿ ಆಕಳಿದೆ ಎಂದು ಲೀಟರುಗಟ್ಟಲೆ ಕುಡಿಸಿದರೆ ಊಟಕ್ಕೆ ಹೊಟ್ಟೆಯಲ್ಲಿ ಜಾಗ ಎಲ್ಲಿ? ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ರಕ್ತ ಕಡಿಮೆಯಾದರೆ ಹಸಿವು ಇನ್ನೂ ಇಳಿಯುತ್ತದೆ. ವರ್ಷ ದಾಟಿದ ಮೇಲೆ ದಿನಕ್ಕೆ 400ರಿಂದ 500 ಮಿಲಿ, ಅದೂ ಊಟದ ಜೊತೆ ಅಥವಾ ಊಟದ ನಂತರ. ಇಷ್ಟು ಬದಲಿಸಿ ಎರಡು ವಾರ ಕಾದರೆ "ಏನೂ ತಿನ್ನದ" ಎಷ್ಟೋ ಮಕ್ಕಳು ತಟ್ಟೆಗೆ ಕೈ ಹಾಕುತ್ತವೆ.

ರಾಗಿ ಮಣ್ಣಿ ಪುಡಿ, ನೇಂದ್ರ ಬಾಳೆಕಾಯಿ ಪುಡಿ: ಎರಡೂ ಕೊಳ್ಳಬಹುದು, ಷರತ್ತಿದೆ. 2021ರಲ್ಲಿ "ಬಾಕಾಹು" ಎಂಬ ಹೆಸರಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ಮನೆಮನೆಗಳಲ್ಲಿ ಬಾಳೆಕಾಯಿ ಹುಡಿ ಮಾಡುವ ಹುಮ್ಮಸ್ಸು ಹಬ್ಬಿತಲ್ಲ, ಆ ಪುಡಿ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಹೆಚ್ಚುಕಡಿಮೆ ಬರೀ ಪಿಷ್ಟ, ಪ್ರೋಟೀನು ಅತ್ಯಲ್ಪ. ದಿನಕ್ಕೆ ಮೂರು ಹೊತ್ತೂ ಅದನ್ನೇ ಕೊಟ್ಟರೆ ಕೂಸು ಗುಂಡಗಾಗಬಹುದು, ಗಟ್ಟಿಯಾಗುವುದಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕರ ತಂಡ ತೋರಿಸಿಕೊಟ್ಟಂತೆ ನಮ್ಮ ದೇಶದ ಮಕ್ಕಳು ಹುಟ್ಟುವಾಗ ಸಣ್ಣಗಿದ್ದರೂ ಅವರಲ್ಲಿ ಸ್ನಾಯು ಕಡಿಮೆ, ಕೊಬ್ಬು ಆ ಮಟ್ಟಿಗೆ ಕಡಿಮೆಯಲ್ಲ. ಇಂಥ ಮೈಗೆ ಬರೀ ಪಿಷ್ಟ ತುಂಬುವುದು ಒಳ್ಳೆಯ ವ್ಯಾಪಾರವಲ್ಲ. ಎರಡು ದೊಡ್ಡ ಚಮಚ, ಅಂದರೆ ಸುಮಾರು 20 ಗ್ರಾಂ ರಾಗಿ ಪುಡಿಯನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಚಮಚ ಹುರಿದ ಹೆಸರುಬೇಳೆ ಹುಡಿ ಸೇರಿಸಿ, 150 ಮಿಲಿ ನೀರಿನಲ್ಲಿ ಕೈಯಾಡಿಸುತ್ತ ಎಂಟು-ಹತ್ತು ನಿಮಿಷ ಬೇಯಿಸಿ, ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ. ಚಮಚ ಓರೆ ಮಾಡಿದರೆ ಕೂಡಲೇ ಜಾರಬಾರದು. ನೀರಾದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಮೊಳಕೆ ಕಟ್ಟಿದ ರಾಗಿಯ ಪುಡಿ ತಾನಾಗಿಯೇ ತೆಳ್ಳಗಾಗುತ್ತದೆ, ಅದಕ್ಕೆ ಪುಡಿಯನ್ನೇ ಸ್ವಲ್ಪ ಹೆಚ್ಚು ಹಾಕಿ. ವರ್ಷದೊಳಗೆ ಬೆಲ್ಲ, ಉಪ್ಪು ಎರಡೂ ಬೇಡ. ಜೇನುತುಪ್ಪವಂತೂ, ಶಿರಸಿಯ ಕಾಡಿನದೇ ಇರಲಿ, ವರ್ಷ ತುಂಬುವ ತನಕ ನಾಲಗೆಗೂ ಮುಟ್ಟಿಸಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳನ್ನು ಎಳೆಗರುಳು ತಡೆಯಲಾರದು.

ಹೊಸ ರುಚಿಗೆ ಬೆದರುವ ಮಗುವಿಗೆ ಪುಡಿಗಳಿಗಿಂತ ಸಣ್ಣ ಗುಂಡಿಗಳಿರುವ ತಟ್ಟೆ ಹೆಚ್ಚು ಕೆಲಸ ಮಾಡುತ್ತದೆ. ಗೊತ್ತಿರುವ ಅನ್ನದ ಪಕ್ಕ ಬಟಾಣಿ ಕಾಳಿನಷ್ಟು ಹೊಸದು: ಮುಳ್ಳು ತೆಗೆದ ಬಂಗಡೆಯೋ, ಬೇಯಿಸಿದ ಹರಿವೆಯೋ. ತಿನ್ನದಿದ್ದರೆ ಮಾತಾಡದೆ ತೆಗೆದುಬಿಡಿ, ಮೂರು ದಿನ ಬಿಟ್ಟು ಮತ್ತೆ. ಹತ್ತು-ಹದಿನೈದು ಸಲ ಬೇಕಾಗಬಹುದು. ಬಹಳ ಮಂದಿ ಮೂರನೆಯ ಸಲಕ್ಕೇ "ಇದಕ್ಕೆ ಮೀನು ಆಗುದಿಲ್ಲ" ಎಂದು ಮುಗಿಸುತ್ತಾರೆ. ನೆಲಕ್ಕೆ ಕಚ್ಚುವ ಸಿಲಿಕೋನ್ ತಟ್ಟೆಯ ಬೆಲೆಗೆ ನಾಲ್ಕು ಸ್ಟೀಲ್ ತಟ್ಟೆ ಬರುತ್ತವೆ, ಸ್ಟೀಲನ್ನೇ ತನ್ನಿ. ಎತ್ತರದ ಕುರ್ಚಿ ಕೊಳ್ಳುವುದಾದರೆ ಕಾಲಿಡಲು ಹಲಗೆ ಇರುವುದೇ ಬೇಕು, ಕಾಲು ತೂಗಾಡಿದರೆ ಮಗು ಕೂರುವುದಿಲ್ಲ. ಮನೆಯ ಮಣೆಯೂ ಸಾಕು, ಬೆನ್ನಿಗೆ ಗೋಡೆ ಕೊಟ್ಟು.

ಆ ಕುರ್ಚಿಗೆ ಸಿಕ್ಕಿಸುವ ಮೊಬೈಲ್ ಸ್ಟ್ಯಾಂಡನ್ನೂ ಈಗ ಮಾರುತ್ತಾರೆ. ನಮ್ಮ ಒರೆಗಲ್ಲಿನಲ್ಲಿ ಅದಕ್ಕೆ ಸೊನ್ನೆ. ಒಂದು ಕಡೆ ಕೂರದ ಚುರುಕು ಮಗುವಿಗೆ ಮೊಬೈಲ್ ತೋರಿಸಿದರೆ ಬಾಯಿ ತಾನೇ ತೆರೆಯುತ್ತದೆ, ಬಟ್ಟಲು ಖಾಲಿಯಾಗುತ್ತದೆ. ಹಸಿವೆಷ್ಟಿತ್ತು ಎಂದು ಮಗುವಿಗೂ ಗೊತ್ತಿಲ್ಲ, ಉಣಿಸಿದವರಿಗೂ ಗೊತ್ತಿಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಎರಡು ವರ್ಷದೊಳಗೆ ಪರದೆಯೇ ಬೇಡ ಎನ್ನುತ್ತದೆ. ಈಗಾಗಲೇ ಅಂಟಿದ್ದರೆ ಒಮ್ಮೆಗೇ ಕಸಿದರೆ ರಣರಂಪ. ಮೊದಲ ವಾರ ಹಸಿವು ಜೋರಿರುವ ಒಂದೇ ಹೊತ್ತು ಮೊಬೈಲ್ ಇಲ್ಲದೆ, ಎಲ್ಲರ ಪಂಕ್ತಿಯಲ್ಲಿ. ಆ ಹೊತ್ತು ಕಡಿಮೆ ತಿಂದರೂ ಮಧ್ಯೆ ಬಿಸ್ಕತ್ತು ಕೊಡದೆ ಮುಂದಿನ ಊಟಕ್ಕೆ ಕಾಯಿರಿ. ಊಟ 20-30 ನಿಮಿಷಕ್ಕೆ ಮುಗಿಯಲಿ. ಬಟ್ಟಲು ಹಿಡಿದು ಅಂಗಳ, ತೋಟ, ನೆರೆಮನೆ ಸುತ್ತುವುದೂ ಮೊಬೈಲಿನ ಅಣ್ಣನೇ.

ಹಸಿವಿನ ಟಾನಿಕ್ಕು: ಇವುಗಳಲ್ಲಿ ಹಲವಕ್ಕೆ ಸಿಪ್ರೋಹೆಪ್ಟಡಿನ್ ಹಾಕಿರುತ್ತಾರೆ. ಅದು ಅಲರ್ಜಿಯ ಔಷಧಿ. ಹಸಿವು ಹೆಚ್ಚುವುದು ಅದರ ಅಡ್ಡಪರಿಣಾಮ, ಮಂಪರು ಇನ್ನೊಂದು. ಬಿಟ್ಟ ಮೇಲೆ ಹಸಿವು ಹಿಂದಿನ ಮಟ್ಟಕ್ಕೆ ಮರಳುತ್ತದೆ. ವೈದ್ಯರ ಚೀಟಿಯಿಲ್ಲದೆ, ಅದರಲ್ಲೂ ಎರಡು ವರ್ಷದೊಳಗೆ, ಮುಟ್ಟಬೇಡಿ. ಬದಲಿಗೆ ರಕ್ತದ ಹಿಮೋಗ್ಲೋಬಿನ್ ಪ್ರಮಾಣ ನೋಡಿಸಿ, ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿದೆಯೇ ಕೇಳಿ. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, 200 ಮಿಲಿಗ್ರಾಂ. ಆಮೇಲೆ ಪೂರ್ತಿ 400.

ಕೂಗುವ ಕೂಸಿಗೆ ಏನು ಕೊಳ್ಳಬೇಕು ಎಂದರೆ, ಬಹುಪಾಲು ಏನೂ ಇಲ್ಲ. ಅಮೆರಿಕದ ಇನ್‌ಸೈಟ್ ಪ್ರಯೋಗದಲ್ಲಿ 279 ತಾಯಿ-ಮಗು ಜೋಡಿಗಳಿದ್ದವು. ಅರ್ಧ ಮನೆಗಳಿಗೆ ದಾದಿಯರು ಹೋಗಿ, ಕೂಗಿದ ಕೂಡಲೇ ಹಾಲು ಕೊಡುವ ಮೊದಲು ಬೇರೆ ಉಪಾಯ ನೋಡುವುದನ್ನೂ ತುಂಬಿದ ಹೊಟ್ಟೆಯ ಸನ್ನೆಗಳನ್ನೂ ನಿದ್ದೆಯ ಕ್ರಮವನ್ನೂ ಕಲಿಸಿದರು. 2018ರಲ್ಲಿ ಬಂದ ಫಲಿತಾಂಶದಂತೆ ಮೂರು ವರ್ಷಕ್ಕೆ ಆ ಮಕ್ಕಳ ಬಿಎಂಐ ತುಸು ಕಡಿಮೆ ಇತ್ತು. ತುಸು ಮಾತ್ರ, ಪವಾಡವೇನಲ್ಲ. ಕ್ರಮ ಸರಳ: ಉಂಡು ಎರಡು ತಾಸೂ ಆಗಿಲ್ಲವೆಂದರೆ ಮೊದಲು ಬಟ್ಟೆ ಒದ್ದೆಯೇ ನೋಡಿ, ಸೆಕೆಯಾದರೆ ಮೈ ಒರೆಸಿ, ಹೆಗಲ ಮೇಲೆ ಹಾಕಿ ನಡೆದಾಡಿ, ತೊಟ್ಟಿಲು ತೂಗಿ. ಐದು ನಿಮಿಷದ ನಂತರವೂ ಕೈ ಬಾಯಿಗೆ ಒಯ್ದು ಚೀಪುತ್ತಿದ್ದರೆ ಅದು ಹಸಿವೇ, ಕೊಡಿ. ಎರಡು ತಿಂಗಳೊಳಗಿನ ಎಳೆಗೂಸಿಗೆ ಮಾತ್ರ ಈ ಕಾಯುವ ಲೆಕ್ಕ ಬೇಡ, ಕೇಳಿದಾಗಲೆಲ್ಲ ಎದೆಹಾಲು.

ಹಣ್ಣಿನ ಪೌಚಿನಲ್ಲಿ ಅಗಿಯುವ ಕೆಲಸವಿಲ್ಲ, ಹೀರಿದರೆ ಮುಗಿಯಿತು. ಮಿಟ್ಲಿ ಬಾಳೆ ಕಿವುಚಿ ಕೊಟ್ಟರೆ ಅದಕ್ಕಿಂತ ಮೇಲು. ಕವಾಟವಿರುವ ಸಿಪ್ಪರ್ ಲೋಟ ನಮ್ಮ ಕರಾವಳಿಗೆ ಹೇಳಿಸಿದ್ದಲ್ಲ: ಜೂನ್‌ನಿಂದ ಸೆಪ್ಟೆಂಬರ್ ತನಕ ಆ ರಬ್ಬರ್ ಒಣಗುವುದೇ ಇಲ್ಲ, ಒಳಗೆ ಕಪ್ಪು ಬೂಷ್ಟು ಹಿಡಿಯುತ್ತದೆ. 60-70 ಮಿಲಿಯ ಸ್ಟೀಲ್ ಲೋಟದಲ್ಲಿ ಏಳೆಂಟು ತಿಂಗಳಿಗೇ ಕಲಿಸಬಹುದು, ಚೆಲ್ಲಿದರೆ ಒರೆಸಿದರಾಯಿತು. ಮಣ್ಣಿ ಪುಡಿಯನ್ನೂ ಮಳೆಗಾಲದಲ್ಲಿ ಕಿಲೋ ಲೆಕ್ಕದಲ್ಲಿ ತರಬೇಡಿ. 250 ಗ್ರಾಂ ತಂದು, ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಒದ್ದೆ ಚಮಚ ತಾಗಿಸದೆ ಮೂರು ವಾರದಲ್ಲಿ ಮುಗಿಸಿ.